ರಾಯಚೂರು ಜಿಲ್ಲೆಯಲ್ಲಿ ಸ್ಮಾರ್ಟ್‌ಫೋನ್ ಛಾಯಾಗ್ರಹಣ

ಸ್ಮಾರ್ಟ್‌ಫೋನ್ ಛಾಯಾಗ್ರಹಣವೆಂದರೆ ಕ್ಯಾಮೆರಾ ಮತ್ತು ಅಂತರಜಾಲ ಸಂಪರ್ಕವಿರುವ ಮೊಬೈಲ್ ಫೋನಿನಿಂದ ಚಿತ್ರಗಳನ್ನು ಸೆರೆಹಿಡಿದು, ಅದೇ ಸಾಧನದಿಂದ ಇತರರಿಗೆ ತಲುಪಿಸುವ ರೂಢಿ. ಕರ್ನಾಟಕದ ಈಶಾನ್ಯ ಭಾಗದಲ್ಲಿ, ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿರುವ ರಾಯಚೂರು ಜಿಲ್ಲೆಯಲ್ಲಿ ಈ ರೂಢಿಯು ಮನರಂಜನೆಯ ಮಿತಿಯನ್ನು ದಾಟಿ ಕೂಲಿಯ ಹಾಜರಾತಿ, ಬೆಳೆಯ ದಾಖಲಾತಿ, ವಲಸೆ ಹೋದವರ ಕುಟುಂಬ ಸಂಬಂಧ ಮತ್ತು ಸ್ಮಾರಕಗಳ ಪರಿಚಯದವರೆಗೆ ವ್ಯಾಪಿಸಿದೆ. ರಾಯಚೂರು ನಗರ, ಕೃಷ್ಣಾ ನದಿಯ ಕಡೆಗಿರುವ ದೇವದುರ್ಗ ಮತ್ತು ತುಂಗಭದ್ರೆಯ ಕಡೆಗಿರುವ ಮಾನ್ವಿ ತಾಲೂಕುಗಳಲ್ಲಿ ಅದು ಬೇರೆ ಬೇರೆ ರೂಪ ತಳೆದಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 19,28,812, ಸಾಕ್ಷರತೆ ಶೇ. 59.56. ಕನ್ನಡ, ಉರ್ದು ಮತ್ತು ತೆಲುಗು ಭಾಷೆಗಳು ಒಟ್ಟಿಗೆ ಬಳಕೆಯಲ್ಲಿರುವ ಈ ಪ್ರದೇಶದಲ್ಲಿ ಅಕ್ಷರ ಮತ್ತು ಲಿಪಿಯ ನೆರವಿಲ್ಲದೆ ಅರ್ಥವಾಗುವ ಚಿತ್ರಕ್ಕೆ ಹೆಚ್ಚಿನ ಮಹತ್ವ ಬಂದಿರುವುದು ಸಹಜವಾಗಿದೆ.

ಪರಿಕಲ್ಪನೆ

ಮಾನವ ಭೂಗೋಳಶಾಸ್ತ್ರದಲ್ಲಿ 'ಜಾಗ' ಮತ್ತು 'ಸ್ಥಳ' ಎಂಬ ಎರಡು ಪದಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸಲಾಗುತ್ತದೆ. ಅಳೆಯಬಹುದಾದ, ನಕ್ಷೆಯಲ್ಲಿ ಗುರುತಿಸಬಹುದಾದ ಭಾಗವು ಜಾಗ. ಅಲ್ಲಿ ಬಾಳಿದವರ ಅನುಭವ ಮತ್ತು ನೆನಪುಗಳು ಕೂಡಿಕೊಂಡಾಗ ಅದೇ ಜಾಗವು ಸ್ಥಳವಾಗುತ್ತದೆ. ಯೀ-ಫು ತುವಾನ್ 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರವನ್ನು ವಿಸ್ತಾರವಾಗಿ ನಿರೂಪಿಸಿದರು. ಅದಕ್ಕೂ ಒಂದು ವರ್ಷ ಮೊದಲು ಎಡ್ವರ್ಡ್ ರೆಲ್ಫ್, ಆಧುನಿಕ ಕಾಲದಲ್ಲಿ ಊರುಗಳು ಒಂದರಂತೆ ಒಂದು ಕಾಣತೊಡಗಿ ತಮ್ಮ ಗುರುತನ್ನು ಕಳೆದುಕೊಳ್ಳುವ ಸ್ಥಿತಿಯನ್ನು ಚರ್ಚಿಸಿದ್ದರು. ಫೋನಿನ ಚಿತ್ರವು ಇವೆರಡರಲ್ಲಿ ಯಾವುದನ್ನು ಹಿಡಿದಿಡುತ್ತದೆ ಎಂಬುದು ಚಿತ್ರ ಯಾರಿಗಾಗಿ ತೆಗೆದದ್ದು ಎಂಬುದನ್ನು ಅವಲಂಬಿಸಿದೆ. ಸರ್ಕಾರಿ ಕಾಮಗಾರಿಯ ಚಿತ್ರದಲ್ಲಿ ಅಕ್ಷಾಂಶ-ರೇಖಾಂಶಗಳು ಮುಖ್ಯ. ಬೆಂಗಳೂರಿನ ಶೆಡ್ಡಿನಲ್ಲಿರುವ ಮಗನಿಗೆ ತಾಯಿ ಕಳುಹಿಸುವ ಚಿತ್ರದಲ್ಲಿ ಮನೆಯ ಕಟ್ಟೆ ಮುಖ್ಯ.

ಛಾಯಾಗ್ರಹಣವು ಸಾಮಾಜಿಕ ಸಂಬಂಧಗಳನ್ನು ಹೇಗೆ ಗಟ್ಟಿಗೊಳಿಸುತ್ತದೆ ಎಂಬ ಚರ್ಚೆ ಮೊಬೈಲಿಗಿಂತ ಹಳೆಯದು. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯು 1965ರಲ್ಲಿ, ಸಾಮಾನ್ಯ ಜನರು ಮದುವೆ, ಹಬ್ಬಗಳಂತಹ ಸಂದರ್ಭಗಳಲ್ಲಿ ಫೋಟೊ ತೆಗೆಸುವುದು ಕುಟುಂಬದ ಒಗ್ಗಟ್ಟನ್ನು ತಮಗೆ ತಾವೇ ದೃಢಪಡಿಸಿಕೊಳ್ಳುವ ಕ್ರಿಯೆ ಎಂದು ವಿವರಿಸಿದರು. ಮೊಬೈಲ್ ಕ್ಯಾಮೆರಾ ಬಂದ ಆರಂಭದ ವರ್ಷಗಳಲ್ಲಿ ಜಪಾನಿನ ಬಳಕೆದಾರರನ್ನು ಅಧ್ಯಯನ ಮಾಡಿದ ಮಿಜುಕೊ ಇಟೊ, ದಿನನಿತ್ಯದ ಸಣ್ಣಪುಟ್ಟ ದೃಶ್ಯಗಳನ್ನು ಆಪ್ತರಿಗೆ ಕಳುಹಿಸುವವರು ದೂರದಲ್ಲಿದ್ದೂ ಒಬ್ಬರ ಕಣ್ಣಮುಂದೆ ಇನ್ನೊಬ್ಬರು ಇರುವ ಭಾವವನ್ನು ಪಡೆಯುತ್ತಾರೆ ಎಂದು ಗುರುತಿಸಿದರು.

ಹಿನ್ನೆಲೆ

ರಾಯಚೂರಿನಲ್ಲಿ ಒಂದು ಘಟನೆಯನ್ನು ನಡೆದ ಜಾಗದಲ್ಲೇ ಚಿತ್ರವಾಗಿ ದಾಖಲಿಸುವ ಪ್ರಯತ್ನಕ್ಕೆ ಏಳು ಶತಮಾನಗಳಿಗೂ ಮಿಕ್ಕಿದ ನಿದರ್ಶನವಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿವಾರು ಕಟ್ಟಿಸಿದ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಶಿಲೆಯನ್ನು ಕೂರಿಸಲಾಗಿದೆ. ಅದರ ಮೇಲೆ ಕೋಟೆಯ ನಿರ್ಮಾಣವನ್ನು ತಿಳಿಸುವ ಶಾಸನವಿದೆ. ಇದರ ಜೊತೆಗೆ, ಆ ಬೃಹತ್ ಶಿಲೆಯನ್ನು ಗಾಲಿಯ ಬಂಡಿಯ ಮೇಲೆ ಹೇರಿ ಕೋಣಗಳ ಸಾಲುಗಳಿಂದ ಎಳೆಸಿ ತಂದ ರೀತಿಯನ್ನೂ ಗೆರೆಗಳಲ್ಲಿ ಕೊರೆಯಲಾಗಿದೆ. ಬಂಡಿ ಹೊಡೆಯುವವರು, ಸನ್ನೆಕೋಲು ಹಾಕಿ ಗಾಲಿಯನ್ನು ಮುಂದೂಡುವವರು ಅದರಲ್ಲಿದ್ದಾರೆ. ಕೋಟೆ ಕಟ್ಟಿಸಿದವನ ಹೆಸರನ್ನು ಹೇಳುವ ಶಾಸನಗಳು ನಾಡಿನಲ್ಲಿ ಅನೇಕ. ಕಲ್ಲು ಹೊತ್ತು ತಂದ ಶ್ರಮವನ್ನು ತೋರಿಸುವ ಚಿತ್ರ ಅಪರೂಪ.

ಕ್ಯಾಮೆರಾ ಈ ಭಾಗಕ್ಕೆ ಬಂದದ್ದು ಆಡಳಿತಗಾರರ ಮತ್ತು ಪುರಾತತ್ತ್ವಜ್ಞರ ಕೈಯಲ್ಲಿ. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್, 1866ರಲ್ಲಿ ಪ್ರಕಟವಾದ ಧಾರವಾಡ ಮತ್ತು ಮೈಸೂರು ಪ್ರದೇಶಗಳ ವಾಸ್ತುಶಿಲ್ಪದ ಛಾಯಾಚಿತ್ರ ಸಂಪುಟಕ್ಕೆ ವಿವರಣೆ ಬರೆದವರಲ್ಲಿ ಒಬ್ಬರು. ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿನ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿ ರಾಜಾ ದೀನದಯಾಳ್ ಪ್ರಸಿದ್ಧರಾದರು. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೇಳುವ ಶಿಲಾಶಾಸನ ಪತ್ತೆಯಾದಾಗ, ಅದು ವಿದ್ವಾಂಸರನ್ನು ತಲುಪಿದ್ದು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಪ್ರಕಟಣಾ ಮಾಲೆಯ ಮೂಲಕ. ಈ ಎಲ್ಲ ದಾಖಲೆಗಳಲ್ಲಿ ಸ್ಥಳೀಯರು ಚಿತ್ರಕ್ಕೆ ವಸ್ತುಗಳೇ ಹೊರತು ಚಿತ್ರಿಸುವವರಲ್ಲ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಫೋಟೊ ಸ್ಟುಡಿಯೊಗಳು ಪಟ್ಟಣಗಳಿಗೆ ಬಂದವು. ಬಣ್ಣದ ಪರದೆಯ ಮುಂದೆ ಕುರ್ಚಿಯ ಮೇಲೆ ಕೂತು, ಪಕ್ಕದ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂದಾನಿ ಇಟ್ಟುಕೊಂಡು ತೆಗೆಸಿದ ಚಿತ್ರಗಳಲ್ಲಿ ಊರು ಕಾಣುತ್ತಿರಲಿಲ್ಲ. ಊರನ್ನು ಮರೆಮಾಡುವುದೇ ಪರದೆಯ ಕೆಲಸವಾಗಿತ್ತು. ಮಧ್ಯಪ್ರದೇಶದ ನಾಗದಾ ಪಟ್ಟಣದ ಸ್ಟುಡಿಯೊಗಳ ಬಗ್ಗೆ ಕ್ರಿಸ್ಟೋಫರ್ ಪಿನ್ನಿ 1997ರಲ್ಲಿ ಪ್ರಕಟಿಸಿದ ಅಧ್ಯಯನವು ಇಂತಹ ಪರದೆಗಳನ್ನು ಚರ್ಚಿಸುತ್ತದೆ. ಜನರು ತಾವಿರುವ ಜಾಗಕ್ಕಿಂತ ತಾವಿರಬಯಸುವ ಜಾಗದಲ್ಲಿ ಕಾಣಿಸಿಕೊಳ್ಳಲು ಇಚ್ಛಿಸುತ್ತಿದ್ದರು ಎಂಬುದು ಅದರ ಒಂದು ಗ್ರಹಿಕೆ. ಬಡ ಕುಟುಂಬಗಳ ಹಿರಿಯರಿಗೆ ಸ್ಟುಡಿಯೊ ಭೇಟಿಯೂ ಅಪರೂಪವಾಗಿತ್ತು. 1993ರಲ್ಲಿ ಚುನಾವಣಾ ಆಯೋಗವು ಭಾವಚಿತ್ರ ಸಹಿತ ಗುರುತಿನ ಚೀಟಿಯನ್ನು ಜಾರಿಗೆ ತಂದ ಬಳಿಕ, ಅನೇಕರಿಗೆ ಆ ಚೀಟಿಯ ಮಸುಕು ಮುಖವೇ ಇದ್ದೊಂದು ಭಾವಚಿತ್ರವಾಯಿತು. ಮರಣಾನಂತರ ಗೋಡೆಗೆ ಹಾಕಲು ಅದನ್ನೇ ದೊಡ್ಡದು ಮಾಡಿಸುವ ಪದ್ಧತಿಯೂ ಇತ್ತು.

ತಂತ್ರಜ್ಞಾನ ಮತ್ತು ಪ್ರಸಾರ

ಕ್ಯಾಮೆರಾ ಇರುವ ಮೊಬೈಲ್ ಫೋನುಗಳು 1999-2000ರ ಅವಧಿಯಲ್ಲಿ ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಮಾರುಕಟ್ಟೆಗೆ ಬಂದವು. 2007ರಲ್ಲಿ ಐಫೋನ್, 2009ರಲ್ಲಿ ವಾಟ್ಸ್‌ಆ್ಯಪ್, 2010ರಲ್ಲಿ ಇನ್‌ಸ್ಟಾಗ್ರಾಮ್ ಬಂದವು. ಭಾರತದ ಸಣ್ಣ ಪಟ್ಟಣ ಮತ್ತು ಹಳ್ಳಿಗಳ ಮಟ್ಟಿಗೆ ನಿರ್ಣಾಯಕವಾದದ್ದು 2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೊ ಸೇವೆ ಆರಂಭವಾಗಿ ದತ್ತಾಂಶದ ದರ ತೀವ್ರವಾಗಿ ಇಳಿದದ್ದು. 2017ರ ಫೆಬ್ರುವರಿಯಲ್ಲಿ ವಾಟ್ಸ್‌ಆ್ಯಪ್ 'ಸ್ಟೇಟಸ್' ಚಿತ್ರರೂಪಕ್ಕೆ ಬದಲಾಯಿತು. 24 ಗಂಟೆಗಳಲ್ಲಿ ಅಳಿಸಿಹೋಗುವ ಈ ಚಿತ್ರಗಳು ಹುಟ್ಟುಹಬ್ಬದ ಶುಭಾಶಯ, ಜಾತ್ರೆಯ ಸುದ್ದಿ ಮತ್ತು 'ಭಾವಪೂರ್ಣ ಶ್ರದ್ಧಾಂಜಲಿ'ಗಳ ಸಾಮಾನ್ಯ ವೇದಿಕೆಯಾದವು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧಗೊಂಡ ನಂತರ ಕಿರುವಿಡಿಯೊಗಳು ಇತರ ವೇದಿಕೆಗಳಿಗೆ ಸ್ಥಳಾಂತರಗೊಂಡವು.

ಫೋನಿನ ಕ್ಯಾಮೆರಾ ಸ್ಥಳವನ್ನು ಇದ್ದಂತೆಯೇ ತೋರಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಅದರ ಸಂವೇದಕ ಚಿಕ್ಕದಾದ್ದರಿಂದ ಒಂದೇ ಕ್ಷಣದಲ್ಲಿ ಹಲವು ಚಿತ್ರಗಳನ್ನು ತೆಗೆದು, ನೆರಳು-ಬೆಳಕುಗಳನ್ನು ಗಣನೆಯ ಮೂಲಕ ಹೊಂದಿಸಿ ಒಂದು ಚಿತ್ರವನ್ನು ರೂಪಿಸಲಾಗುತ್ತದೆ. 'ಬಿಸಿಲನಾಡು' ಎಂದೇ ಹೆಸರಾದ ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಬಿಳುಚಿದ ಆಕಾಶವು ಫೋನಿನ ತೆರೆಯ ಮೇಲೆ ನೀಲಿಯಾಗಿ ಕಾಣುವುದಕ್ಕೆ ಇದೇ ಕಾರಣ. ವಿಶಾಲ ಕೋನದ ಮಸೂರವು ಹತ್ತಿರದ ಮುಖವನ್ನು ದೊಡ್ಡದಾಗಿಯೂ ಹಿಂದಿನ ಕೋಟೆಯನ್ನು ಚಿಕ್ಕದಾಗಿಯೂ ತೋರಿಸುತ್ತದೆ. ಪೋರ್ಟ್ರೇಟ್ ವಿಧಾನದಲ್ಲಿ ಹಿನ್ನೆಲೆ ಪೂರ್ತಿ ಮಸುಕಾಗುತ್ತದೆ. ಒಂದು ಅರ್ಥದಲ್ಲಿ ಸ್ಟುಡಿಯೊದ ಪರದೆ ತಂತ್ರಾಂಶದ ರೂಪದಲ್ಲಿ ಮರಳಿ ಬಂದಿದೆ.

ಚಿತ್ರದ ಕಡತದೊಳಗೆ ದಿನಾಂಕ, ವೇಳೆ ಮತ್ತು ಅನುಮತಿ ಇದ್ದಲ್ಲಿ ಸ್ಥಾನದ ವಿವರ ಅಡಕವಾಗಿರುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಕಡತದ ಗಾತ್ರ ಕುಗ್ಗುವುದರ ಜೊತೆಗೆ ಈ ವಿವರವೂ ಅಳಿದುಹೋಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳುಹಿಸಿದರೆ ಉಳಿಯುತ್ತದೆ. ಕಚೇರಿಗಳ ವರದಿ ಬಹುಪಾಲು ವಾಟ್ಸ್‌ಆ್ಯಪ್ ಗುಂಪುಗಳಲ್ಲೇ ನಡೆಯುವುದರಿಂದ, ಚಿತ್ರದ ಮೇಲೆಯೇ ಊರು, ಅಕ್ಷಾಂಶ-ರೇಖಾಂಶ, ವೇಳೆ ಮತ್ತು ಪುಟ್ಟ ನಕ್ಷೆಯನ್ನು ಅಚ್ಚೊತ್ತುವ 'ಜಿಪಿಎಸ್ ಕ್ಯಾಮೆರಾ' ಆ್ಯಪ್‌ಗಳು ಪಂಚಾಯಿತಿ, ಶಾಲೆ ಮತ್ತು ಆರೋಗ್ಯ ಸಿಬ್ಬಂದಿಯಲ್ಲಿ ಜನಪ್ರಿಯವಾಗಿವೆ. ಸಸಿ ನೆಟ್ಟ ಚಿತ್ರವಾಗಲಿ ಚರಂಡಿ ಸ್ವಚ್ಛಗೊಳಿಸಿದ ಚಿತ್ರವಾಗಲಿ ಈ ಪಟ್ಟಿ ಇಲ್ಲದಿದ್ದರೆ ನಂಬಿಕೆಗೆ ಅರ್ಹವಲ್ಲ ಎಂಬ ಭಾವನೆ ಬೆಳೆದಿದೆ.

ರಾಯಚೂರು ನಗರ

ನಗರದ ಮಧ್ಯದಲ್ಲಿರುವ ಕೋಟೆ ಬೆಟ್ಟ, ಅದರ ಬುಡದ ಮಾವಿನಕೆರೆ, ನವರಂಗ ದರ್ವಾಜಾ, ತೀನ್ ಕಂದೀಲ್ ವೃತ್ತ, ಬಹಮನಿ ಕಾಲದ ಒಂದೇ ಮಿನಾರಿನ ಮಸೀದಿ ಇವು ರಾಯಚೂರಿನ ಚಿತ್ರಗಳಲ್ಲಿ ಮರಳಿ ಮರಳಿ ಕಾಣುತ್ತವೆ. ಈ ಕೋಟೆಗಾಗಿಯೇ 1520ರಲ್ಲಿ ವಿಜಯನಗರದ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ನಡುವೆ ಯುದ್ಧ ನಡೆಯಿತು. ಆದರೆ ಕೋಟೆಯ ಗೋಡೆಗಳ ಒಳಗೂ ಹೊರಗೂ ಮನೆ, ಅಂಗಡಿಗಳು ಒತ್ತೊತ್ತಾಗಿ ಬೆಳೆದಿರುವುದರಿಂದ ನಗರದವರಿಗೆ ಅದು ದಿನದ ದಾರಿ. ಸ್ಮಾರಕವಾಗಿ ಕಾಣಬೇಕಾದರೆ ಬೆಟ್ಟದ ಮೇಲಕ್ಕೆ ಹತ್ತಬೇಕು. ಬೆಟ್ಟದ ತುದಿಯಿಂದ ತೆಗೆದ ಸೂರ್ಯಾಸ್ತದ ಚಿತ್ರಗಳಲ್ಲಿ ಕೆರೆ ಮತ್ತು ನಗರ ಒಟ್ಟಿಗೆ ಕಾಣುತ್ತವೆ. ಯಾವ ಕೋನವನ್ನು ಆರಿಸಿಕೊಂಡರೆ ಊರು ಸುಂದರವಾಗಿ ಕಾಣುತ್ತದೆ ಎಂಬ ತಿಳಿವಳಿಕೆ ಒಂದು ಬಗೆಯ ಸ್ಥಳೀಯ ಜ್ಞಾನವಾಗಿದೆ. ಅದೇ ವೇಳೆ ಮೂಲೆಯ ಗೋಡೆಯಲ್ಲಿರುವ ಬಂಡಿಯ ಕೆತ್ತನೆ ಚಿತ್ರಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಗೆರೆಗಳು ತೆಳುವಾಗಿದ್ದು, ಓರೆ ಬೆಳಕಿಲ್ಲದಿದ್ದರೆ ಫೋನಿಗೆ ಅವು ಸಿಗುವುದು ಕಷ್ಟ.

ರಾಯಚೂರಿನ ಬಗ್ಗೆ ಹೊರಗಿನವರಲ್ಲಿ ಇರುವ ಕಲ್ಪನೆ ಹೆಚ್ಚಾಗಿ ಬಿಸಿಲು, ಬರ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ಮತ್ತು 'ಹಿಂದುಳಿದ ಜಿಲ್ಲೆ' ಎಂಬ ಮಾತಿಗೆ ಸೀಮಿತವಾಗಿತ್ತು. 2018ರಲ್ಲಿ ಕೇಂದ್ರ ಸರ್ಕಾರವು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಸೇರಿಸಿದ್ದು ರಾಯಚೂರು ಮತ್ತು ಯಾದಗಿರಿಯನ್ನು. ಊರಿನ ಯುವಕರು ಹಂಚಿಕೊಳ್ಳುವ ಭತ್ತದ ಗದ್ದೆ, ಕೃಷ್ಣೆಯ ನಡುಗಡ್ಡೆ, ಮಲಿಯಾಬಾದ್ ಕೋಟೆಯ ಕಲ್ಲಾನೆಗಳ ಚಿತ್ರಗಳು ಈ ಕಲ್ಪನೆಗೆ ಪ್ರತಿಯಾಗಿ ನಿಲ್ಲುತ್ತವೆ. ಇವುಗಳಲ್ಲಿ ಉತ್ಪ್ರೇಕ್ಷೆ ಇಲ್ಲವೆಂದಲ್ಲ. ಕಸದ ರಾಶಿಯನ್ನು ಚೌಕಟ್ಟಿನ ಹೊರಗಿಡುವ ಚಿತ್ರಕಾರನು ಊರಿನ ಅಭಿಮಾನಿಯೂ ಹೌದು, ಆಯ್ಕೆಗಾರನೂ ಹೌದು. 2022ರ ಮೇ 13ರಂದು ರಾಯಚೂರಿಗೆ ಏಮ್ಸ್ ಬೇಕೆಂದು ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿತು; ಊರಿನ ಕೊರತೆಯನ್ನು ಕಾಣುವಂತೆ ಮಾಡುವುದೂ ಸ್ಥಳಾಭಿಮಾನದ ಇನ್ನೊಂದು ಮುಖ.

ಕಾರಹುಣ್ಣಿಮೆಯ ಹೊತ್ತಿಗೆ ನಗರದಲ್ಲಿ ನಡೆಯುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ಮುಖ್ಯ ಆಕರ್ಷಣೆಯಾಗಿದೆ. ಮುನ್ನೂರು ಕಾಪು ಸಮಾಜದ ನೇತೃತ್ವದ ಈ ಹಬ್ಬಕ್ಕೆ ನೆರೆಯ ಆಂಧ್ರಪ್ರದೇಶ ಮತ್ತು ತೆಲಂಗಾಣಗಳಿಂದಲೂ ಜೋಡೆತ್ತುಗಳು ಬರುತ್ತವೆ. ಕಣದ ಸುತ್ತ ಎತ್ತಿ ಹಿಡಿದ ಫೋನುಗಳ ಸಾಲು ಈಗ ಹಬ್ಬದ ನೋಟದ ಭಾಗವೇ ಆಗಿದೆ. ಕಲ್ಲನ್ನು ಎಳೆಯುವ ಪ್ರಾಣಿಗಳು, ಹುರಿದುಂಬಿಸುವ ಜನ: 1294ರ ಕೆತ್ತನೆಯಲ್ಲಿರುವುದೂ ಇದೇ ದೃಶ್ಯ.

ದೇವದುರ್ಗ: ಸೇತುವೆಯ ದೃಶ್ಯ

ರಾಯಚೂರಿನಿಂದ ಸುಮಾರು 50 ಕಿ.ಮೀ. ಪಶ್ಚಿಮಕ್ಕಿರುವ ದೇವದುರ್ಗ ತಾಲೂಕಿನ ಉತ್ತರದ ಅಂಚಿನಲ್ಲಿ ಕೃಷ್ಣಾ ನದಿ ಹರಿಯುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಹೂವಿನಹೆಡಗಿ ಸೇತುವೆಯಂತಹ ದಾರಿಗಳು ಮುಳುಗಿ, ನದಿಯ ಆಚೆಯ ಊರುಗಳೊಡನೆ ಸಂಪರ್ಕ ಕಡಿಯುತ್ತದೆ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ, ಹಿರೇರಾಯನಕುಂಪಿ ಗ್ರಾಮದ ಬಳಿ ಇಂತಹದೇ ಮುಳುಗಿದ ಸೇತುವೆಯ ಮುಂದೆ ಒಂದು ಆಂಬುಲೆನ್ಸ್ ನಿಂತಿತು. ಸೇತುವೆಯ ಅಂಚು ಎಲ್ಲಿದೆಯೆಂದು ಚಾಲಕನಿಗೆ ಕಾಣುತ್ತಿರಲಿಲ್ಲ. ಸುಮಾರು 12 ವರ್ಷದ ಸ್ಥಳೀಯ ಬಾಲಕನೊಬ್ಬ ನೀರಿನಲ್ಲಿ ಮುಂದೆ ಓಡುತ್ತಾ, ಕೈಸನ್ನೆಯಿಂದ ದಾರಿ ತೋರಿಸಿ ವಾಹನವನ್ನು ದಾಟಿಸಿದ. ಮೊಬೈಲಿನಲ್ಲಿ ಸೆರೆಯಾದ ಆ ದೃಶ್ಯ ಕೆಲವೇ ದಿನಗಳಲ್ಲಿ ದೇಶದಾದ್ಯಂತ ಹರಡಿತು. ಸ್ವಾತಂತ್ರ್ಯ ದಿನಾಚರಣೆಯಂದು ಜಿಲ್ಲಾಡಳಿತ ಬಾಲಕನನ್ನು ಸನ್ಮಾನಿಸಿತು. ಮುಂದೆ ರಾಷ್ಟ್ರಮಟ್ಟದ ಶೌರ್ಯ ಪ್ರಶಸ್ತಿಯೂ ದೊರೆಯಿತು.

ಆ ದೃಶ್ಯದ ಶಕ್ತಿಯಿರುವುದು ಸ್ಥಳಜ್ಞಾನದಲ್ಲಿ. ನೀರಿನ ಕೆಳಗೆ ಕಾಣದ ಸೇತುವೆಯನ್ನು ಬಾಲಕ ಕಾಲಿನಿಂದ ಬಲ್ಲವನಾಗಿದ್ದ. ದಿನವೂ ನಡೆದಾಡಿದ ದಾರಿ ಅದು. ಯಾವ ನಕ್ಷೆಯೂ ಕೊಡಲಾಗದ ಆ ತಿಳಿವಳಿಕೆ ಫೋನಿನ ಮೂಲಕ ಹೊರಜಗತ್ತಿಗೆ ಕಂಡಿತು. ಹಾಗೆ ಕಂಡದ್ದರ ಇನ್ನೊಂದು ಪರಿಣಾಮವೆಂದರೆ, ಹೊರಗಿನ ವೀಕ್ಷಕರಿಗೆ ದೇವದುರ್ಗದ ಒಂದು ಹಳ್ಳಿಯ ಹೆಸರು ಸಾಹಸದೊಂದಿಗೆ ಸೇರಿಕೊಂಡಿತು. ಊರಿನವರಿಗೆ ಅದೇ ಚಿತ್ರ ಪ್ರತಿ ಮಳೆಗಾಲ ಮುಳುಗುವ ದಾರಿಯ ಚಿತ್ರವೂ ಹೌದು. ಗಬ್ಬೂರಿನ ದೇವಾಲಯಗಳು ಮತ್ತು ಶಾಸನಗಳು, ಕೊಪ್ಪರದ ನದಿತೀರದ ನರಸಿಂಹ ಕ್ಷೇತ್ರ ಈ ತಾಲೂಕಿನ ಇತರ ಚಿತ್ರಿತ ಸ್ಥಳಗಳಾಗಿವೆ.

ಗುಳೆ ಮತ್ತು ದೂರದ ಮನೆ

ದೇವದುರ್ಗ ಮತ್ತು ಮಾನ್ವಿ ತಾಲೂಕುಗಳ ಒಣಭೂಮಿ ಹಳ್ಳಿಗಳಿಂದ ಕೃಷಿ ಕೂಲಿಕಾರರು ಸುಗ್ಗಿ ಮುಗಿದ ಬಳಿಕ ಕುಟುಂಬ ಸಮೇತ ಬೆಂಗಳೂರು, ಹೈದರಾಬಾದ್ ಮುಂತಾದ ನಗರಗಳಿಗೆ ದುಡಿಮೆ ಅರಸಿ ಹೋಗುತ್ತಾರೆ. ಇದನ್ನು ಸ್ಥಳೀಯವಾಗಿ 'ಗುಳೆ ಹೋಗುವುದು' ಎನ್ನುತ್ತಾರೆ. ವೃದ್ಧರು ಮತ್ತು ಶಾಲೆಗೆ ಹೋಗುವ ಮಕ್ಕಳು ಊರಿನಲ್ಲಿ ಉಳಿಯುವುದುಂಟು. ಒಂದೇ ಕುಟುಂಬ ನೂರಾರು ಕಿ.ಮೀ. ಅಂತರದ ಎರಡು ಜಾಗಗಳಲ್ಲಿ ಬಾಳುವ ಈ ಸ್ಥಿತಿಯಲ್ಲಿ ಫೋನಿನ ಚಿತ್ರವು ಪತ್ರದ ಸ್ಥಾನವನ್ನು ಪಡೆದಿದೆ. ಬರೆಯಲು ಬಾರದವರು ಧ್ವನಿಸಂದೇಶ ಮತ್ತು ಚಿತ್ರಗಳ ಮೂಲಕ ಬೇಕಾದದ್ದನ್ನೆಲ್ಲ ತಿಳಿಸಬಲ್ಲರು: ಎಮ್ಮೆ ಕರು ಹಾಕಿದ್ದು, ಮಳೆಗೆ ಗೋಡೆ ಕುಸಿದದ್ದು, ಮಗು ಮೊದಲ ಹೆಜ್ಜೆ ಇಟ್ಟದ್ದು.

ನಗರದಿಂದ ಊರಿಗೆ ಬರುವ ಚಿತ್ರಗಳ ಸ್ವರೂಪ ಬೇರೆ. ಕಟ್ಟಡ ಕಾರ್ಮಿಕನೊಬ್ಬ ತಾನು ಕೆಲಸ ಮಾಡುತ್ತಿರುವ ಬಹುಮಹಡಿ ಕಟ್ಟಡ, ಮೆಟ್ರೊ ನಿಲ್ದಾಣ ಅಥವಾ ವಿಧಾನಸೌಧದ ಮುಂದಿನ ಚಿತ್ರ ಕಳುಹಿಸುತ್ತಾನೆಯೇ ಹೊರತು ತಗಡಿನ ಶೆಡ್ಡನ್ನು ತೋರಿಸುವುದು ಕಡಿಮೆ. ಊರಿನವರೂ ಹಾಗೆಯೇ, ಸಾಲದ ಮಾತು ಕರೆಯಲ್ಲಿ ಬರುತ್ತದೆ, ಚಿತ್ರದಲ್ಲಿ ಹಬ್ಬದ ಹೋಳಿಗೆ ಬರುತ್ತದೆ. ಎರಡೂ ಕಡೆಯವರು ಪರಸ್ಪರರ ಕಷ್ಟವನ್ನು ಬಲ್ಲವರಾದ್ದರಿಂದ ಇದನ್ನು ಮೋಸವೆನ್ನಲಾಗದು. ಚಿಂತೆಗೀಡುಮಾಡದಿರುವ ಮರ್ಯಾದೆ ಅದು. ಮೊಹರಂ, ಉಗಾದಿ ಮತ್ತು ಊರ ಜಾತ್ರೆಗಳಿಗೆ ಮರಳಲಾಗದವರು ಅಲಾಯಿ ಕುಣಿತವನ್ನೂ ತೇರನ್ನೂ ವಿಡಿಯೊ ಕರೆಯಲ್ಲಿ ನೋಡುತ್ತಾರೆ. ಹಿಂದೂ-ಮುಸ್ಲಿಮರು ಕೂಡಿ ಆಚರಿಸುವ ಮೊಹರಂ ಈ ಭಾಗದ ವೈಶಿಷ್ಟ್ಯವಾಗಿದ್ದು, ಜಿಲ್ಲೆಯ ಮುದಗಲ್ಲಿನ ಆಚರಣೆ ಹೆಸರುವಾಸಿಯಾಗಿದೆ.

2020ರ ಮಾರ್ಚ್ 25ರಿಂದ ಜಾರಿಯಾದ ಲಾಕ್‌ಡೌನ್ ಅವಧಿಯಲ್ಲಿ ನಗರಗಳಲ್ಲಿ ಸಿಲುಕಿದ ವಲಸಿಗರಿಗೆ ಫೋನು ಏಕೈಕ ಸಂಪರ್ಕವಾಗಿತ್ತು. ಮೇ ತಿಂಗಳ ಆರಂಭದಲ್ಲಿ ರಾಜ್ಯ ಸರ್ಕಾರ ಉಚಿತ ಬಸ್ಸುಗಳನ್ನು ಬಿಟ್ಟ ಬಳಿಕ ಸಾವಿರಾರು ಮಂದಿ ಬೆಂಗಳೂರಿನಿಂದ ತಮ್ಮ ಜಿಲ್ಲೆಗಳಿಗೆ ಮರಳಿದರು.

ಹಾಜರಾತಿಯ ಚಿತ್ರ

ಗುಳೆಯನ್ನು ತಡೆಯುವ ಮುಖ್ಯ ಸಾಧನವಾಗಿ ಜಿಲ್ಲೆಯಲ್ಲಿ ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ (ನರೇಗಾ) ಅನುಷ್ಠಾನಗೊಂಡಿತು. ಕೆರೆ ಹೂಳೆತ್ತುವುದು, ಬದು ನಿರ್ಮಾಣ, ನಾಲಾ ಕಾಮಗಾರಿಗಳು ಬೇಸಿಗೆಯಲ್ಲಿ ನಡೆಯುತ್ತಿದ್ದವು. 2021ರಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡ ಎನ್‌ಎಂಎಂಎಸ್ ಎಂಬ ಮೊಬೈಲ್ ಹಾಜರಾತಿ ವ್ಯವಸ್ಥೆಯನ್ನು 2022ರಲ್ಲಿ 20 ಅಥವಾ ಹೆಚ್ಚು ಕೂಲಿಕಾರರಿರುವ ಕಾಮಗಾರಿಗಳಿಗೂ, 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿ ಕಾಮಗಾರಿಗಳ ಹೊರತು ಎಲ್ಲ ಕಡೆಗೂ ಕಡ್ಡಾಯಗೊಳಿಸಲಾಯಿತು. ಇದರಂತೆ ಕರ್ನಾಟಕದಲ್ಲಿ 'ಕಾಯಕ ಬಂಧು' ಎಂದು ಕರೆಯಲಾಗುವ ಮೇಟಿಯು ದಿನಕ್ಕೆ ಎರಡು ಬಾರಿ ಕೂಲಿಕಾರರ ಗುಂಪುಚಿತ್ರವನ್ನು ಸ್ಥಾನದ ಗುರುತಿನೊಂದಿಗೆ ತೆಗೆದು ಅಪ್‌ಲೋಡ್ ಮಾಡಬೇಕಾಗಿತ್ತು.

ಇಲ್ಲಿ ಚಿತ್ರವು ನೆನಪಿಗಾಗಿಯೂ ಅಲ್ಲ, ಸಂತೋಷಕ್ಕಾಗಿಯೂ ಅಲ್ಲ. 2024-25ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ 349 ರೂಪಾಯಿ ದಿನಗೂಲಿಗೆ ಅದೇ ಆಧಾರ. ಕೆಲಸದ ಅಳತೆ ಮುಗಿಸಿ ಬಿಸಿಲೇರುವ ಮೊದಲೇ ಮನೆಗೆ ಮರಳುವುದು ಬೇಸಿಗೆಯ ರಾಯಚೂರಿನಲ್ಲಿ ಆರೋಗ್ಯದ ಪ್ರಶ್ನೆ. ಎರಡನೆಯ ಚಿತ್ರಕ್ಕಾಗಿ ಕಾಯಬೇಕಾದಾಗ ಕೂಲಿಕಾರರು ಕೆಲಸವಿಲ್ಲದೆಯೂ ನೆರಳಿಲ್ಲದ ಬಯಲಿನಲ್ಲಿ ಉಳಿಯಬೇಕಾಗುತ್ತಿತ್ತು. ನೆಟ್‌ವರ್ಕ್ ಸಿಗದ ಜಾಗದಲ್ಲಿ ಚಿತ್ರ ಉಳಿಸಿಕೊಂಡು ಆಮೇಲೆ ಕಳುಹಿಸಲು ಅವಕಾಶವಿದ್ದರೂ, ಫೋನು ಕೆಟ್ಟರೆ ಅಥವಾ ಅಪ್‌ಲೋಡ್ ವಿಫಲವಾದರೆ ಇಡೀ ಗುಂಪಿನ ಹಾಜರಾತಿಗೆ ತೊಡಕಾಗುತ್ತಿತ್ತು. ವ್ಯವಸ್ಥೆಯ ಉದ್ದೇಶ ನಕಲಿ ಹಾಜರಾತಿಯನ್ನು ತಡೆಯುವುದಾಗಿತ್ತು. ಆದರೆ ಸಂಬಂಧವಿಲ್ಲದ ಚಿತ್ರಗಳನ್ನೂ, ಚಿತ್ರದ ಚಿತ್ರವನ್ನೂ ಅಪ್‌ಲೋಡ್ ಮಾಡಲಾಗುತ್ತಿದೆಯೆಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ರಾಜ್ಯಗಳಿಗೆ ಎಚ್ಚರಿಕೆ ನೀಡಿತು. ಸ್ಥಳದಲ್ಲಿ ಇರುವುದಕ್ಕೂ ಸ್ಥಳದ ಚಿತ್ರದಲ್ಲಿ ಇರುವುದಕ್ಕೂ ವ್ಯತ್ಯಾಸ ಎಷ್ಟು ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಕಿಲ್ಲ.

ಹೊಲ, ಕಾಲುವೆ ಮತ್ತು ಸಾಕ್ಷ್ಯ

2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರವು ರೈತರೇ ತಮ್ಮ ಬೆಳೆಯ ವಿವರವನ್ನು ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪನ್ನು ಬಿಡುಗಡೆ ಮಾಡಿತು. ಸರ್ವೆ ನಂಬರ್ ಆರಿಸಿ, ಅದೇ ಹೊಲದೊಳಗೆ ನಿಂತು ಬೆಳೆಯ ಚಿತ್ರ ತೆಗೆಯಬೇಕು. ಫೋನಿನ ಸ್ಥಾನವು ಡಿಜಿಟಲ್ ನಕ್ಷೆಯ ಗಡಿಯೊಂದಿಗೆ ಹೊಂದಬೇಕು. ಪಹಣಿಯ ಬೆಳೆ ಕಾಲಂ, ಬೆಳೆ ವಿಮೆ, ಬೆಂಬಲ ಬೆಲೆ ಮತ್ತು ಬೆಳೆಹಾನಿ ಪರಿಹಾರಕ್ಕೆ ಈ ಮಾಹಿತಿ ಬಳಕೆಯಾಗುತ್ತದೆ. ಹೀಗಾಗಿ ಹತ್ತಿ, ತೊಗರಿ ಅಥವಾ ಮೆಣಸಿನಕಾಯಿಯ ಒಂದು ಚಿತ್ರ ತಪ್ಪಾದರೆ ರೈತನಿಗೆ ಹಣದ ನಷ್ಟವಾಗಬಹುದು. ಫೋನು ಇಲ್ಲದ ರೈತರ ಪರವಾಗಿ ಗ್ರಾಮದ ಖಾಸಗಿ ನಿವಾಸಿಗಳನ್ನು ಸಮೀಕ್ಷೆಗೆ ನೇಮಿಸಲಾಗುತ್ತದೆ. ಕೀಟ-ರೋಗಗಳ ಗುರುತಿಸುವಿಕೆಯಲ್ಲಿ, 2009ರಲ್ಲಿ ಸ್ಥಾಪನೆಯಾದ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವು 'ಇ-ಸ್ಯಾಪ್' ಎಂಬ ವ್ಯವಸ್ಥೆಯನ್ನು ರೂಪಿಸಿ, ಚಿತ್ರಗಳ ನೆರವಿನಿಂದ ಹೊಲದಲ್ಲೇ ಪೀಡೆಯನ್ನು ಗುರುತಿಸುವ ವಿಧಾನವನ್ನು ವಿಸ್ತರಣಾ ಕಾರ್ಯಕ್ಕೆ ತಂದಿತು.

ಮಾನ್ವಿ ತಾಲೂಕಿನ ಭತ್ತದ ಬೆಳೆ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದೆ. ಕಾಲುವೆಯ ಕೊನೆಭಾಗದಲ್ಲಿರುವುದರಿಂದ ನೀರು ತಲುಪದಿರುವುದು ಇಲ್ಲಿನ ಹಳೆಯ ದೂರು. ಒಣಗಿದ ಉಪಕಾಲುವೆ ಅಥವಾ ಗೇಜಿನ ಮಟ್ಟವನ್ನು ದಿನಾಂಕ ಸಹಿತ ಚಿತ್ರಿಸಿ ತೋರಿಸಿದಾಗ ಬಾಯಿಮಾತಿನ ದೂರಿಗೆ ಆಧಾರ ದೊರೆಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ರಭಸದಿಂದ ಹೊರನುಗ್ಗುವ ನೀರಿನ ದೃಶ್ಯಗಳು ಮಾನ್ವಿಯ ರೈತರಿಗೆ ದೂರದ ಸುದ್ದಿಯಾಗಿರಲಿಲ್ಲ. ಹರಿದುಹೋಗುತ್ತಿದ್ದದ್ದು ತಮ್ಮ ಬೆಳೆಯ ನೀರು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಅಳವಡಿಸಲಾಯಿತು. ಹರಿದಾಸ ಸಾಹಿತ್ಯದ ವಿಜಯದಾಸರ ಚೀಕಲಪರ್ವಿ ಮತ್ತು ಜಗನ್ನಾಥದಾಸರ ಬ್ಯಾಗವಾಟ ಮಾನ್ವಿ ಸೀಮೆಯವೇ ಆದ ಕಾರಣ, ನದಿ ಮತ್ತು ಭಕ್ತಿಯ ಚಿತ್ರಗಳೂ ಇಲ್ಲಿಂದ ಧಾರಾಳವಾಗಿ ಹೊರಡುತ್ತವೆ.

ನೆನಪಿನ ಮೇಲಿನ ಪರಿಣಾಮ

ಚಿತ್ರ ತೆಗೆಯುವುದರಿಂದ ಸ್ಥಳದ ನೆನಪು ಗಟ್ಟಿಯಾಗುತ್ತದೆಯೇ ಎಂಬ ಬಗ್ಗೆ ಸಂಶೋಧನೆಗಳು ಒಂದೇ ಉತ್ತರ ನೀಡುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸ್ತುಸಂಗ್ರಹಾಲಯದ ವಸ್ತುಗಳನ್ನು ಬರಿಗಣ್ಣಿನಿಂದ ನೋಡಿದವರಿಗಿಂತ ಪೂರ್ತಿ ವಸ್ತುವಿನ ಚಿತ್ರ ತೆಗೆದವರು ಅವುಗಳ ವಿವರಗಳನ್ನು ಕಡಿಮೆ ನೆನಪಿಟ್ಟುಕೊಂಡರು. ಆದರೆ ವಸ್ತುವಿನ ಒಂದು ಭಾಗವನ್ನು ಹಿಗ್ಗಿಸಿ ಚಿತ್ರಿಸಿದವರಲ್ಲಿ ಈ ಮರೆವು ಕಾಣಲಿಲ್ಲ. 2016ರಲ್ಲಿ ಕ್ರಿಸ್ಟಿನ್ ಡೀಲ್ ಮತ್ತು ಸಹೋದ್ಯೋಗಿಗಳು ಚಿತ್ರ ತೆಗೆಯುವವರು ಅನುಭವದಲ್ಲಿ ಹೆಚ್ಚು ತೊಡಗಿಕೊಂಡು ಹೆಚ್ಚು ಸಂತೋಷಪಡುತ್ತಾರೆ ಎಂದು ತೋರಿಸಿದರು. ಕೋಟೆಯ ಮುಂದೆ ಒಂದು ಸೆಲ್ಫಿ ತೆಗೆದು ಹೊರಡುವವನಿಗೂ, ಶಾಸನದ ಅಕ್ಷರಗಳನ್ನು ಹುಡುಕಿ ಹತ್ತಿರದಿಂದ ಚಿತ್ರಿಸುವ ವಿದ್ಯಾರ್ಥಿಗೂ ಇರುವ ಅಂತರವನ್ನು ಈ ಫಲಿತಾಂಶಗಳು ವಿವರಿಸುತ್ತವೆ.

ಅಪಾಯ ಮತ್ತು ಖಾಸಗಿತನ

2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು 2011ರ ಅಕ್ಟೋಬರ್‌ನಿಂದ 2017ರ ನವೆಂಬರ್‌ವರೆಗೆ ಜಗತ್ತಿನಲ್ಲಿ ಸೆಲ್ಫಿಗೆ ಸಂಬಂಧಿಸಿದ 259 ಸಾವುಗಳನ್ನು ಸುದ್ದಿಗಳಿಂದ ಕಲೆಹಾಕಿತು. ಅತಿ ಹೆಚ್ಚು ಸಾವುಗಳು ಭಾರತದಲ್ಲಿ ಸಂಭವಿಸಿದ್ದವು, ಮುಳುಗುವಿಕೆಯು ಪ್ರಮುಖ ಕಾರಣವಾಗಿತ್ತು. ನದಿ, ಕಾಲುವೆ, ಕಲ್ಲುಕ್ವಾರಿಗಳಿರುವ ರಾಯಚೂರಿನಂತಹ ಪ್ರದೇಶಕ್ಕೆ ಇದು ಅನ್ವಯವಾಗುವ ಎಚ್ಚರಿಕೆ.

ಮಹಿಳೆಯರ ಮಟ್ಟಿಗೆ ಫೋನಿನ ಚಿತ್ರ ಸ್ವಾತಂತ್ರ್ಯವೂ ಹೌದು, ಅಳುಕೂ ಹೌದು. ಅನೇಕ ಮನೆಗಳಲ್ಲಿ ಫೋನು ಪುರುಷರ ಅಥವಾ ಇಡೀ ಕುಟುಂಬದ ಸ್ವತ್ತಾಗಿದ್ದು, ಸ್ವಂತ ಮುಖದ ಬದಲಿಗೆ ದೇವರು, ಹೂವು ಅಥವಾ ಮಕ್ಕಳ ಚಿತ್ರವನ್ನು ಪ್ರೊಫೈಲಿಗೆ ಹಾಕುವ ರೂಢಿ ವ್ಯಾಪಕವಾಗಿದೆ. ತಮಿಳುನಾಡಿನಲ್ಲಿ ಕ್ಷೇತ್ರಕಾರ್ಯ ನಡೆಸಿ ಶ್ರೀರಾಮ್ ವೆಂಕಟರಾಮನ್ 2017ರಲ್ಲಿ ಪ್ರಕಟಿಸಿದ ಗ್ರಂಥವೂ, ಸಾಮಾಜಿಕ ಮಾಧ್ಯಮದ ಬಳಕೆಯನ್ನು ಕುಟುಂಬ, ಜಾತಿ, ಲಿಂಗಗಳ ಹಳೆಯ ಕಟ್ಟುಪಾಡುಗಳೇ ರೂಪಿಸುತ್ತವೆ ಎಂದು ಹೇಳುತ್ತದೆ. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರ ತೆಗೆಯುವುದು ಅಥವಾ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಅಡಿ ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಪಡಿಸುವ ಅಪರಾಧವಾಗಿದೆ. ಪರಿಹಾರ ಸಾಮಗ್ರಿ ಹಂಚುವಾಗ ಪಡೆಯುವವರ ಮುಖವನ್ನು ಚಿತ್ರಿಸಿ ಪ್ರಚಾರ ಮಾಡುವುದು ಕಾನೂನಿನ ವ್ಯಾಪ್ತಿಗೆ ಸಿಗದಿದ್ದರೂ, ಪಡೆಯುವವರ ಘನತೆಯ ಪ್ರಶ್ನೆಯಾಗಿ ಉಳಿದಿದೆ.

ಮುಕ್ತ ಸಂಗ್ರಹಗಳು

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಟ್ಟಡಗಳ ಹಾಗೂ ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ಇರಿಸಿದ ಶಿಲ್ಪಗಳ ಛಾಯಾಚಿತ್ರ ತೆಗೆದು ಪ್ರಕಟಿಸಲು ಅವಕಾಶ ನೀಡುತ್ತದೆ. ಇದರಿಂದಾಗಿ ಕೋಟೆ, ದೇಗುಲ, ಮಸೀದಿ, ವೀರಗಲ್ಲುಗಳ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ನಂತಹ ಮುಕ್ತ ಸಂಗ್ರಹಗಳಿಗೆ ಸೇರಿಸಬಹುದು. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾದ 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಛಾಯಾಚಿತ್ರ ಸ್ಪರ್ಧೆಯಲ್ಲಿ ಭಾರತ 2012ರಲ್ಲಿ ಭಾಗವಹಿಸಿತು. ಸ್ಟೇಟಸ್‌ನ ಚಿತ್ರ ಒಂದು ದಿನದಲ್ಲಿ ಅಳಿಯುತ್ತದೆ, ಫೋನು ಕಳೆದರೆ ಗ್ಯಾಲರಿಯೇ ಹೋಗುತ್ತದೆ. ಸಂಗ್ರಹಕ್ಕೆ ಸೇರಿದ ಚಿತ್ರವಾದರೆ ಸ್ಥಳದ ಹೆಸರು, ದಿನಾಂಕ ಮತ್ತು ಪರವಾನಗಿಯೊಂದಿಗೆ ಇತರರ ಬಳಕೆಗೆ ಸಿಗುತ್ತದೆ. ಹಳ್ಳಿಯ ಹೆಸರನ್ನು ತಾಲೂಕಿನ ಸಮೇತ ಬರೆಯುವುದು, ಶಿಲ್ಪ ಅಥವಾ ಶಾಸನವಿರುವಲ್ಲಿ ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಚಿತ್ರ ತೆಗೆಯುವುದು, ಅಕ್ಷರಗಳಿಗೆ ಸುಣ್ಣ ಅಥವಾ ಬಣ್ಣ ಬಳಿಯದಿರುವುದು ಇಂತಹ ದಾಖಲಾತಿಯಲ್ಲಿ ಪಾಲಿಸಲಾಗುವ ಕ್ರಮಗಳು. ತಾಲೂಕು ಮರುವಿಂಗಡಣೆಯಲ್ಲಿ ಮಸ್ಕಿ ಮತ್ತು ಸಿರವಾರ ಪ್ರತ್ಯೇಕ ತಾಲೂಕುಗಳಾದ ಕಾರಣ, ಹಳೆಯ ಶೀರ್ಷಿಕೆಗಳಲ್ಲಿ ಮಾನ್ವಿ ಅಥವಾ ಲಿಂಗಸುಗೂರು ಎಂದಿರುವ ಕೆಲವು ಗ್ರಾಮಗಳು ಈಗ ಹೊಸ ತಾಲೂಕುಗಳಿಗೆ ಸೇರಿವೆ.